ಕೊಪ್ಪದ ತಾರಸಿಯಲ್ಲಿ ರಾಕ್ ಮ್ಯೂಸಿಕ್

ನೀವು ಯಾವತ್ತಾದರೂ ಕೊಪ್ಪದಲ್ಲಿ ತಾರಸಿ ಹುಡುಕಿದ್ದೀರಾ?

ಬಾಡಿಗೆಗಲ್ಲ. ಹಪ್ಪಳ ಒಣಗಿಸುವುದಕ್ಕೂ ಅಲ್ಲ. ಹತ್ತಿ ನಿಂತರೆ ತಲೆಯ ಮೇಲೆ ಆಕಾಶ ಕಾಣಬೇಕು, ಅಂಥ ತಾರಸಿ. ಕಳೆದ ಜನವರಿಯಲ್ಲಿ ನಾನು ಮತ್ತು ನನ್ನ ಇಬ್ಬರು ಸ್ನೇಹಿತರು ಒಂದು ಭಾನುವಾರ ಪೂರ್ತಿ ಕತ್ತು ಮೇಲೆತ್ತಿಕೊಂಡು ಊರು ಸುತ್ತಿದೆವು. ಸಿಗಲಿಲ್ಲ. ನಮ್ಮೂರಲ್ಲಿ ಹೆಂಚಿನ ಮನೆಗೆ ತಾರಸಿ ಇರುವುದಿಲ್ಲ, ತಾರಸಿ ಮನೆಗೆ ಆಕಾಶ ಇರುವುದಿಲ್ಲ. ಆರ್‌ಸಿಸಿ ಹಾಕಿಸಿದ ಮೊದಲ ಮಳೆಗಾಲಕ್ಕೆ ಮನೆ ಸೋರುತ್ತದೆ. ಎರಡನೆಯ ಮಳೆಗಾಲದೊಳಗೆ ಅದರ ಮೇಲೆ ತಗಡಿನ ಶೀಟ್ ಬರುತ್ತದೆ. ಮನುಷ್ಯರಿಗೆ ಮಾತ್ರವಲ್ಲ, ಮನೆಗೂ ರೇನ್‌ಕೋಟ್ ಹಾಕುವ ಜನ ನಾವು.

ತಲೆ ನರೆತ ಮೂರು ಜನ ಗಂಡಸರಿಗೆ ತಾರಸಿ ಯಾಕೆ ಬೇಕಿತ್ತು? ರಾಕ್ ಮ್ಯೂಸಿಕ್ ಬಾರಿಸುವುದಕ್ಕೆ. (ಈಗಲೇ ನಗಬೇಡಿ, ಸ್ವಲ್ಪ ಉಳಿಸಿಕೊಳ್ಳಿ.)

ಇದು ಶುರುವಾದದ್ದು ಶೃಂಗೇರಿಯ ಒಂದು ಮದುವೆ ಊಟದಲ್ಲಿ. ನನ್ನ ಸ್ನೇಹಿತ ಸತೀಶ, ಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು, ಎಲೆ ಮುಂದೆ ಕೂತು ತನ್ನ ಕಾಲೇಜ್ ಡೇ ಕತೆ ತೆಗೆದ. ಸತೀಶನ ಪರಿಚಯ ಇರುವ ಯಾರೂ ಈ ಕತೆಯಿಂದ ತಪ್ಪಿಸಿಕೊಂಡಿಲ್ಲ. ಕಾಲೇಜಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ಸತೀಶ ಗಿಟಾರ್ ಮತ್ತು ಹಾಡು, ಅನ್ವರ್ ಡ್ರಮ್ಸ್, ನಾನು ಕೀಬೋರ್ಡ್ (ಎರಡು ಬೆರಳು). ಕಾಲೇಜ್ ಡೇ ದಿನ ವೇದಿಕೆ ಹತ್ತಿದೆವು. ಸತೀಶ ಗಿಟಾರಿನ ಮೊದಲ ತಂತಿ ಮೀಟಿದ. ಕರೆಂಟ್ ಹೋಯಿತು. ಅದು ವಾಪಸ್ ಬರುವ ಹೊತ್ತಿಗೆ ವೇದಿಕೆಯ ಮೇಲೆ ಬಹುಮಾನ ವಿತರಣೆ ನಡೆಯುತ್ತಿತ್ತು. ನಮ್ಮ ಬ್ಯಾಂಡಿನ ಇತಿಹಾಸ ಅಷ್ಟೇ.

ಅಷ್ಟಕ್ಕೇ ಬಿಟ್ಟರೆ ಅವನು ಸತೀಶ ಹೇಗಾದಾನು? ವರ್ಷ ಕಳೆದಂತೆ ಕತೆ ಬೆಳೆಯಿತು. ಮೊದಲು ಹಾಲ್ ತುಂಬಿತ್ತು. ಆಮೇಲೆ ಮೈದಾನ ತುಂಬಿತು. ನರಸಿಂಹರಾಜಪುರದಿಂದ ಜನ ಲಾರಿ ಮಾಡಿಕೊಂಡು ಬಂದರು. ಶೃಂಗೇರಿಯ ಆ ಊಟದಲ್ಲಿ ಹೊಸದೊಂದು ಸಂಗತಿ ಸೇರಿತು: ಮೊದಲ ಸ್ವರಕ್ಕೇ ಒಬ್ಬ ಹುಡುಗಿ ತಲೆ ತಿರುಗಿ ಬಿದ್ದಳಂತೆ.

ಪಕ್ಕದ ಎಲೆಯಲ್ಲಿ ಅವನ ಹೆಂಡತಿ ಶಾಲಿನಿ ಊಟ ಮಾಡುತ್ತಿದ್ದಳು. ಮೆಣಸೆ ಕಡೆಯವಳು, ಹೈಸ್ಕೂಲ್ ಮೇಡಂ. ಹೋಳಿಗೆ ಮುರಿಯುತ್ತಾ ತಲೆ ಎತ್ತದೆ ಕೇಳಿದಳು, "ಅಲ್ರೀ, ಕರೆಂಟ್ ಹೋಗಿತ್ತಲ್ಲ. ಕತ್ತಲಲ್ಲಿ ಅವಳು ಬಿದ್ದಿದ್ದು ನಿಮಗೆ ಹೆಂಗೆ ಕಾಣ್ತು?"

ಆ ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಬಡಿಸುವವನು ತುಪ್ಪದ ಗಿಂಡಿ ಹಿಡಿದುಕೊಂಡೇ ನಕ್ಕ. ಸತೀಶನ ಮುಖ ಕೆಂಪಾಯಿತು. "ನಾನು ಬಾರಿಸಿದ್ದು ನೀನು ಕೇಳಿದ್ರೆ ಹಿಂಗೆ ಹೇಳ್ತಿರ್ಲಿಲ್ಲ" ಅಂದ.

"ಕೇಳ್ಸಿ ಹಂಗಾದ್ರೆ" ಅಂದಳು ಶಾಲಿನಿ. "ಮದುವೆ ಆದಾಗಿಂದ ಕತೆ ಕೇಳ್ತಾ ಇದೀನಿ, ಹಾಡು ಒಂದಿನ ಕೇಳ್ಲಿಲ್ಲ. ನಾಲ್ಕು ಜನರ ಎದುರು ಒಂದು ಹಾಡು, ಶುರುವಿಂದ ಕೊನೆ ತನಕ. ಆಗಲ್ಲ ಅಂದ್ರೆ ಈ ಕತೆ ಇನ್ಮೇಲೆ ಯಾರಿಗೂ ಹೇಳಂಗಿಲ್ಲ. ಆಯ್ತಾ?"

ಸತೀಶ ಎಡಗೈ ಚಾಚಿ "ಆಯ್ತು" ಅಂದ. ಬಲಗೈಯಲ್ಲಿ ಅನ್ನ ಇತ್ತು.

ನಿಮಗೆ ಇದು ತಮಾಷೆಯ ಪಂದ್ಯ ಅನ್ನಿಸಬಹುದು. ಆದರೆ ಸತೀಶನ ಕತೆ ಕಿತ್ತುಕೊಂಡರೆ ಅವನಲ್ಲಿ ಉಳಿಯುವುದು ಮೊಳೆ, ಪೈಪು, ಪೇಂಟು. ದಿನವಿಡೀ ಅರ್ಧ ಇಂಚಿನ ಬೆಂಡು, ಮುಕ್ಕಾಲು ಇಂಚಿನ ಟೀ ಎಂದು ಮಾತಾಡುವ ಮನುಷ್ಯನಿಗೆ ಒಂದು ಕಾಲದಲ್ಲಿ ತಾನು ಬೇರೆ ಏನೋ ಆಗುವವನಿದ್ದೆ ಅಂತ ಹೇಳಿಕೊಳ್ಳುವ ಹಕ್ಕು ಬೇಡವೇ? ನನಗೇನೋ ಅವನ ಸಂಕಟ ಅರ್ಥವಾಯಿತು. ಆ ಕರೆಂಟ್ ನನ್ನ ಕೀಬೋರ್ಡಿಗೂ ಹೋಗಿತ್ತಲ್ಲ.

ಹಾಲ್ ಹಿಡಿಯೋಣ ಅಂದೆ. ಸತೀಶ ಒಪ್ಪಲಿಲ್ಲ. ಅವನಿಗೆ ತಾರಸಿಯೇ ಆಗಬೇಕು. ಯಾಕೆ ಅಂದರೆ ಇಂಗ್ಲೆಂಡಿನ ಆ ಬ್ಯಾಂಡಿನ ನಾಲ್ವರು (ಹೆಸರು ನಿಮಗೇ ಗೊತ್ತು) ಕೊನೆಯ ಸಲ ಜನರೆದುರು ಒಟ್ಟಿಗೆ ಬಾರಿಸಿದ್ದು ತಮ್ಮ ಆಫೀಸಿನ ತಾರಸಿ ಮೇಲೆ. ಚಳಿಗಾಲ, ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಜನ ಜಮಾಯಿಸಿದರು, ಅಕ್ಕಪಕ್ಕದವರು ಗಲಾಟೆ ಅಂತ ದೂರು ಕೊಟ್ಟರು, ಪೊಲೀಸರು ಮೆಟ್ಟಿಲು ಹತ್ತಿ ಬಂದರು. ಅದೀಗ ಇತಿಹಾಸ.

ರಾಕ್ ಸಂಗೀತದ ಇತಿಹಾಸವೇ ಹಾಗೆ. ಸರಿಯಾಗಿ ನಡೆದ ಕಾರ್ಯಕ್ರಮ ಯಾರಿಗೂ ನೆನಪಿರುವುದಿಲ್ಲ, ಎಡವಟ್ಟಾದದ್ದು ಮಾತ್ರ ಪುಸ್ತಕಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಒಬ್ಬ ಸಾದಾ ಗಿಟಾರಿನಲ್ಲಿ ಜಾನಪದ ಹಾಡುತ್ತಿದ್ದವನು ಒಂದು ದಿನ ಕರೆಂಟಿನ ಗಿಟಾರ್ ಹಿಡಿದು ಬಂದ. ಅವನ ಅಭಿಮಾನಿಗಳೇ ಅವನ ಮೇಲೆ ಕೂಗಾಡಿದರು. ಇನ್ನೊಬ್ಬ ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿ ಹಚ್ಚಿದ. ಮತ್ತೊಬ್ಬ ಜನ ಎಸೆದ ಬಾವಲಿಯನ್ನು ರಬ್ಬರಿನ ಆಟಿಕೆ ಅಂದುಕೊಂಡು ಕಚ್ಚಿಯೇಬಿಟ್ಟ. (ನಮ್ಮ ಕಡೆ ಬಾವಲಿ ಅಡಿಕೆ ಚೀಪುವುದನ್ನು ಕಂಡಿದ್ದೇವೆ. ಬಾವಲಿಯನ್ನೇ ಚೀಪಿದವನನ್ನು ಕಂಡಿಲ್ಲ.)

"ನಾವೂ ಕೊನೆಗೆ ಗಿಟಾರ್ ಸುಡೋದಾ?" ಅಂತ ಅನ್ವರ್ ಕೇಳಿದ.

"ಇರೋದು ಒಂದೇ ಮಾರಾಯ" ಅಂದ ಸತೀಶ.

ಅನ್ವರ್‌ನದು ಬಸ್‌ಸ್ಟ್ಯಾಂಡ್ ಹತ್ತಿರ ಬ್ಯಾಟರಿ, ಇನ್ವರ್ಟರ್ ಅಂಗಡಿ. ಕಾಲೇಜ್ ಡೇ ದಿನದ ಸಿಟ್ಟಿಗೇ ಅವನು ಈ ವ್ಯಾಪಾರಕ್ಕೆ ಇಳಿದದ್ದು ಅಂತ ನನ್ನ ಗುಮಾನಿ. "ಈ ಸಲ ಇಡೀ ತಾಲ್ಲೂಕಿನ ಕರೆಂಟ್ ಹೋಗ್ಲಿ, ನಮ್ದು ನಿಲ್ಲಲ್ಲ" ಅಂತ ಲಾರಿಗಾಗುವಷ್ಟು ಬ್ಯಾಟರಿ ಎತ್ತಿಟ್ಟ.

ಕೊನೆಗೂ ತಾರಸಿ ಸಿಕ್ಕಿತು. ನಮ್ಮ ಬೀದಿಯಲ್ಲೇ ವಾಸುದೇವಣ್ಣನ ಹೊಸ ಕಾಂಪ್ಲೆಕ್ಸ್. ಇನ್ನೂ ಮೊದಲ ಮಳೆ ಕಾಣದ ಕಟ್ಟಡವಾದ್ದರಿಂದ ಮೇಲೆ ಶೀಟ್ ಬಂದಿರಲಿಲ್ಲ. ಆದರೆ ಖಾಲಿ ತಾರಸಿಯನ್ನು ಜನವರಿ ಬಿಸಿಲಲ್ಲಿ ಸುಮ್ಮನೆ ಬಿಡುವ ಜನವೇ ನಾವು? ಮೂಲೆಯಿಂದ ಮೂಲೆಗೆ ಬಸರೀಕಟ್ಟೆ ತೋಟದ ಕಾಫಿ ಒಣಗಲು ಹಾಕಿದ್ದರು.

"ಬಾರಿಸ್ಕೊಳಿ, ನಂದೇನಿಲ್ಲ" ಅಂದರು ವಾಸುದೇವಣ್ಣ. "ಕಾಫಿ ಒಂದ್ಕಡೆ ಎಳ್ದು, ಆದ್ಮೇಲೆ ಮತ್ತೆ ಹರಡಿ ಹೋಗಿ. ತುಳೀಬೇಡಿ."

ಹಾಗಾಗಿ ನಮ್ಮ ಐತಿಹಾಸಿಕ ಕಾರ್ಯಕ್ರಮ ಶುರುವಾದದ್ದು ಮೂವರೂ ಪ್ಯಾಂಟ್ ಮಡಚಿ, ಮರದ ಹಲಗೆ ಹಿಡಿದು ಕಾಫಿ ಎಳೆಯುವುದರಿಂದ. ಸೊಂಟ ಅಲ್ಲೇ ಅರ್ಧ ಹೋಯಿತು. ಇಂಗ್ಲೆಂಡಿನ ನಾಲ್ವರಿಗೆ ಈ ಕಷ್ಟ ಇದ್ದಿರಲಾರದು.

ಸಂಜೆ ನಾಲ್ಕಕ್ಕೆ ಎಲ್ಲ ತಯಾರಾಯಿತು. ಶಾಲಿನಿ ಬಂದು ಕಾಫಿ ಮೂಟೆಯೊಂದರ ಮೇಲೆ ಕೈಕಟ್ಟಿ ಕೂತಳು, ಪರೀಕ್ಷೆ ಹಾಲ್‌ನಲ್ಲಿ ಕೂರುವ ಹಾಗೆ. ನಾಲ್ಕು ಜನರ ಲೆಕ್ಕಕ್ಕೆ ಅನ್ವರ್‌ನ ಮನೆಯವರು, ನನ್ನ ಮನೆಯವಳು, ವಾಸುದೇವಣ್ಣ. (ಅವರು ಬಂದದ್ದು ಕಾಫಿ ಕಾಯುವುದಕ್ಕೆ.) ಹಾಡು ಸತೀಶನೇ ಕಾಲೇಜಿನಲ್ಲಿ ಬರೆದದ್ದು. ಒಬ್ಬ ಹುಡುಗಿ ಕೆರೆಕಟ್ಟೆ ಬಸ್ಸಿಗೆ ಕಾಯುತ್ತಾಳೆ, ಬಸ್ಸು ಬರುವುದಿಲ್ಲ. ಕಲ್ಪನೆ ಏನೂ ಇಲ್ಲ, ನೇರ ವರದಿ.

ಅನ್ವರ್ ಕೋಲೆತ್ತಿ ಡ್ರಮ್ಮಿನ ಮೇಲೆ ಧಡಧಡ ಧಡಧಡ ಅಂತ ಶುರುಮಾಡಿದ. ಅಬ್ಬರ ಅಂದರೆ ಅಬ್ಬರ. ಅಷ್ಟು ವರ್ಷ ಒಳಗಿದ್ದದ್ದೆಲ್ಲ ಹೊರಬಂತು.

ಎದುರು ಮನೆಯ ಪದ್ಮಕ್ಕ ಹೊರಗೋಡಿ ಬಂದರು. ಕೈಯಲ್ಲಿ ಎಣ್ಣೆ ಡಬ್ಬ, ಒಂದು ಸೌಟು. ನಮ್ಮ ಕಡೆ ಒಮ್ಮೆ ನೋಡಿ, ಡಬ್ಬ ಬಡಿಯತೊಡಗಿದರು. ಪಕ್ಕದ ಮನೆಯಿಂದ ತಟ್ಟೆ. ಅದರಾಚೆ ಮನೆಯಿಂದ ತಗಡು. ಬೀದಿಯ ಆ ತುದಿಯಲ್ಲಿ ಯಾರೋ ಪಟಾಕಿ ಹಚ್ಚಿದರು.

ಬೇರೆ ಊರಿನ ಓದುಗರಿಗೆ ಇಲ್ಲೊಂದು ವಿವರಣೆ ಕೊಡಬೇಕು. ನಮ್ಮ ಬೀದಿಗೆ ಮಂಗಗಳ ಕಾಟ. ಹೆಂಚು ಸರಿಸುತ್ತವೆ, ಅಡುಗೆಮನೆಗೆ ಇಳಿಯುತ್ತವೆ, ಬಾಳೆಗೊನೆ ಇರಲಿ, ಫ್ರಿಜ್ಜಿನ ಬಾಗಿಲೂ ತೆಗೆಯಲು ಕಲಿತಿವೆ. ಒಬ್ಬರು ಓಡಿಸಿದರೆ ಪಕ್ಕದ ಮನೆಗೆ ಹಾರುತ್ತವೆ. ಆಮೇಲೆ ಮಂಗನ ಜಗಳ ಮನುಷ್ಯರ ಜಗಳವಾಗುತ್ತದೆ. ಅದಕ್ಕೇ ಬೀದಿಯವರೆಲ್ಲ ಸೇರಿ ಒಂದು ಕರಾರು ಮಾಡಿಕೊಂಡಿದ್ದೇವೆ. ಮೊದಲು ಮಂಗ ಕಂಡವರು ಏನಾದರೂ ಬಡಿಯಬೇಕು. ಸದ್ದು ಕೇಳಿದ ಪ್ರತಿ ಮನೆಯವರೂ ಇದ್ದ ಕೆಲಸ ಬಿಟ್ಟು ಹೊರಗೆ ಬಂದು ಬಡಿಯಬೇಕು. ಎಲ್ಲ ಕಡೆ ಒಟ್ಟಿಗೆ ಗಲಾಟೆಯಾದರೆ ಅವು ಊರು ದಾಟಿ ಎಸ್ಟೇಟಿಗೆ ಹೋಗುತ್ತವೆ.

ಇದು ನಮಗೆ ಮೂವರಿಗೂ ಗೊತ್ತಿತ್ತು. ತಯಾರಿ ಮಾಡುವಾಗ ಬ್ಯಾಟರಿ ತರುವುದು ಹೊಳೆಯಿತು, ವೈರ್ ಹೊಳೆಯಿತು, ಕುಡಿಯಲು ಜೀರಿಗೆ ಕಷಾಯವೂ ಹೊಳೆಯಿತು. ತಾರಸಿ ಮೇಲೆ ನಿಂತು ಡ್ರಮ್ ಬಡಿದರೆ ಬೀದಿ ಏನು ತಿಳಿದುಕೊಳ್ಳುತ್ತದೆ ಅನ್ನುವುದು ಒಬ್ಬನಿಗೂ ಹೊಳೆಯಲಿಲ್ಲ.

"ಎಷ್ಟಿದಾವೆ?" ಅಂತ ಪದ್ಮಕ್ಕ ಕೆಳಗಿನಿಂದ ಕೂಗಿದರು.

"ಮೂರು ಕಾಣ್ತವೆ" ಅಂತ ಆಚೆ ಮನೆಯವರು ಉತ್ತರ ಕೊಟ್ಟರು. ಅವರಿಗೆ ಕನ್ನಡಕ ಇರಲಿಲ್ಲ ಅಂತ ಆಮೇಲೆ ತಿಳಿಯಿತು.

ಸತೀಶ ಮೈಕಿಗೆ ಬಾಯಿ ಕೊಟ್ಟು ಹಾಡುತ್ತಲೇ ಇದ್ದ. ಹಾಡಿನ ಹುಡುಗಿ ಬಸ್ಸಿಗೆ ಕಾಯುತ್ತಿದ್ದಳು. ಒಂದಕ್ಷರ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಕೆಳಗೆ ಒಂದು ಬೈಕ್ ನಿಂತಿತು. ಕಾನ್‌ಸ್ಟೇಬಲ್. ಸತೀಶ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದ. ಕಣ್ಣಲ್ಲಿ ಏನು ಬೆಳಕು ಅಂತೀರಿ. "ಪೊಲೀಸ್ ಬಂದ್ರು ಮಾರಾಯ" ಅಂದ, ಬೀಗರು ಬಂದರು ಅನ್ನುವ ಹಾಗೆ.

ಕಾನ್‌ಸ್ಟೇಬಲ್ ಹೆಲ್ಮೆಟ್ ತೆಗೆದು ಮೇಲೆ ನೋಡಿದರು. "ಇಲ್ಲಿ ಮುಗಿಸ್ಕೊಂಡು ಒಂದ್ಸಲ ಸ್ಟೇಷನ್ ಕಡೆ ಬನ್ನಿ" ಅಂದರು. ನಾನು ಕೀಬೋರ್ಡಿನ ವೈರ್ ಕೀಳಲು ಬಗ್ಗಿದೆ. "ಅಲ್ಲೂ ಬಾಳ ಸೇರ್ಕಂಡಿದಾವೆ, ಹಲಸಿನ ಮರದಲ್ಲಿ." ಹೆಲ್ಮೆಟ್ ಹಾಕಿಕೊಂಡು ಹೋದರು.

ಸತೀಶನ ಕೈ ಗಿಟಾರಿನಿಂದ ಕೆಳಗೆ ಜಾರಿತು. ಕಾಲೇಜ್ ಡೇ ದಿನ ಕತ್ತಲಲ್ಲಿ ಅವನ ಮುಖ ನನಗೆ ಕಂಡಿರಲಿಲ್ಲ. ಹೀಗೇ ಇದ್ದಿರಬೇಕು. ಅವತ್ತು ಕರೆಂಟನ್ನಾದರೂ ಬಯ್ಯಬಹುದಿತ್ತು. ಈಗ ಯಾರನ್ನು ಬಯ್ಯುವುದು? ಬೀದಿಗೆ ಬೀದಿಯೇ ಅವನ ಸಹಾಯಕ್ಕೆ ಬಂದಿತ್ತು. ನನಗೆ ನಗು ಬರಲಿಲ್ಲ. ಅನ್ವರ್ ಕೋಲು ಕೆಳಗಿಟ್ಟ.

ಪಂದ್ಯದ ಪ್ರಕಾರ ಶಾಲಿನಿ ಸುಮ್ಮನೆ ಕೂತಿದ್ದರೆ ಸಾಕಿತ್ತು. ಗೆಲುವು ಅವಳ ಮಡಿಲಿಗೇ ಬಂದು ಬಿದ್ದಿತ್ತು. ಅವಳು ಮೂಟೆಯಿಂದ ಎದ್ದಳು. ಸೀರೆಗಂಟಿದ ಕಾಫಿ ಸಿಪ್ಪೆ ಕೊಡವಿಕೊಂಡಳು. ತಾರಸಿಯ ಅಂಚಿಗೆ ಹೋಗಿ, ಮಕ್ಕಳ ಎದುರು ಎಷ್ಟೋ ವರ್ಷ ಪಳಗಿದ ಗಂಟಲಲ್ಲಿ ಕೂಗಿದಳು:

"ಡಬ್ಬ ನಿಲ್ಸಿ. ಮಂಗ ಅಲ್ಲ, ನಮ್ಮನೆಯವರು. ಹಾಡ್ತಾ ಇದಾರೆ. ಸುಮ್ನೆ ಕೇಳಿ."

ಬೀದಿ ಗಪ್‌ಚಿಪ್. ಆ ಬೀದಿಯ ಅರ್ಧ ಜನಕ್ಕೆ ಅವಳೇ ಪಾಠ ಹೇಳಿದವಳು. ಪದ್ಮಕ್ಕನ ಸೌಟು ಎತ್ತಿದಲ್ಲೇ ನಿಂತಿತು.

ಶಾಲಿನಿ ತಿರುಗಿ, "ಮೊದ್ಲಿಂದ ಹೇಳಿ" ಅಂದಳು. ಮತ್ತೆ ಮೂಟೆ ಮೇಲೆ ಕೂತಳು.

ಸತೀಶ ಹಾಡಿದ. ಚೆನ್ನಾಗಿ ಹಾಡಿದ ಅಂತ ಬರೆದರೆ ಓದುಗರಿಗೆ ಮೋಸ ಮಾಡಿದಂತೆ. ಎರಡನೆಯ ಚರಣದಲ್ಲಿ ಗಂಟಲು ಒಡೆಯಿತು. ನನ್ನ ಎರಡು ಬೆರಳುಗಳಲ್ಲಿ ಒಂದು ದಾರಿ ತಪ್ಪಿತು. ಅನ್ವರ್ ಕೊನೆಗೆ ಹಾಡಿಗಿಂತ ಮುಂಚೆಯೇ ಊರು ಸೇರಿದ. ಆದರೂ ಪೂರ್ತಿ ಹಾಡಿದ, ಶುರುವಿಂದ ಕೊನೆ ತನಕ. ಅಂಗಳ, ಜಗಲಿಗಳಲ್ಲಿ ಜನ ಡಬ್ಬ ತಟ್ಟೆ ಹಿಡಿದುಕೊಂಡೇ ನಿಂತು ಕೇಳಿದರು. ಬಸ್ಸು ಬರಲೇ ಇಲ್ಲ ಅನ್ನುವ ಸಾಲು ಬಂದಾಗ ಕೆಳಗೆ ಯಾರೋ "ಸತ್ಯ" ಅಂದರು. ಮುಗಿದ ಮೇಲೆ ಪದ್ಮಕ್ಕ ಡಬ್ಬಕ್ಕೆ ಎರಡು ಏಟು ಕೊಟ್ಟರು. ಅದು ಚಪ್ಪಾಳೆ.

"ಹಂಗಾದ್ರೆ ಮಂಗ ಬಂದೇ ಇಲ್ವಾ?" ಅಂತ ಆಚೆ ಮನೆಯವರು ಕೇಳಿದರು. ಸ್ವಲ್ಪ ಬೇಜಾರಾದಂತಿತ್ತು.

ನಾವು ಕಾಫಿ ಹರಡಿ ಇಳಿದೆವು. ಇನ್ವರ್ಟರ್ ಬೇಕಾಗಲೇ ಇಲ್ಲ, ಅವತ್ತು ಕರೆಂಟ್ ಒಂದು ಕ್ಷಣವೂ ಹೋಗಲಿಲ್ಲ. ಅನ್ವರ್‌ಗೆ ಇವತ್ತಿಗೂ ಅದೊಂದು ಕೊರಗು.

ಇಲ್ಲಿಗೆ ಸತೀಶ ಗೆದ್ದ, ಕತೆ ಹೇಳುವ ಹಕ್ಕು ಉಳಿಯಿತು, ಶುಭಂ. ಹಾಗಂತ ನಾನೂ ಅಂದುಕೊಂಡಿದ್ದೆ. ಹೋದ ವಾರ ನರಸಿಂಹರಾಜಪುರದಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಕೂತಾಗ ಸತೀಶ ಗಂಟಲು ಸರಿಮಾಡಿಕೊಂಡು "ನಾವು ಕೊಪ್ಪದಲ್ಲಿ ತಾರಸಿ ಮೇಲೆ..." ಅಂತ ಶುರುಮಾಡಿದ.

"ನೀವಿರಿ, ನಿಮಗೆ ಸರಿ ಹೇಳಕ್ಕೆ ಬರಲ್ಲ" ಅಂದಳು ಶಾಲಿನಿ. ಆಮೇಲೆ ಅವಳೇ ಹೇಳಿದಳು. ಏನು ಹೇಳಿದಳು ಅಂತೀರಿ! ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದದ್ದು ಒಬ್ಬ ಕಾನ್‌ಸ್ಟೇಬಲ್ ಅಲ್ಲ, ಒಂದು ಜೀಪು. ಮಂಗಗಳು ನಿಜವಾಗಿಯೂ ಬಂದು ವಾಸುದೇವಣ್ಣನ ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತು ಹಾಡು ಕೇಳಿದವು. ಇನ್ನು ಕೆರೆಕಟ್ಟೆ ಬಸ್ಸಿಗೆ ಕಾದ ಆ ಹುಡುಗಿ? ಅದು ತಾನೇ ಅಂದಳು. (ಹಾಡು ಹುಟ್ಟಿದ ವರ್ಷ ಶಾಲಿನಿ ಮೆಣಸೆಯ ಶಾಲೆಯಲ್ಲಿ ಮಗ್ಗಿ ಕಲಿಯುತ್ತಿದ್ದಳು.) ಸಾಲಿನಲ್ಲಿದ್ದವರೆಲ್ಲ ಊಟ ಮರೆತು ಕೇಳಿದರು. ಸತೀಶ ಬಾಯಿ ತೆರೆದಾಗಲೆಲ್ಲ ಅವಳು ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು.

ಕೈ ತೊಳೆಯುವ ನಲ್ಲಿಯ ಹತ್ತಿರ ಅವನು ನನ್ನನ್ನು ಹಿಡಿದು ನಿಲ್ಲಿಸಿದ. ಧ್ವನಿ ತಗ್ಗಿಸಿ ಕೇಳಿದ:

"ಪಂದ್ಯ ಗೆದ್ದಿದ್ದು ನಾನೇ ಅಲ್ವನಾ ಮಾರಾಯ?"