ಕದ್ರಿ ಮನೆಯ ಕಾಡಾಮೆ

ರಸ್ತೆ ಬಂದು ಕಾಡು ಎರಡು ತುಂಡಾದ್ದರಿಂದ ಬೇರ್ಪಟ್ಟ ಆಮೆಗಳನ್ನು ಮತ್ತೆ ಒಂದುಗೂಡಿಸುವ ಯೋಜನೆಯಲ್ಲಿ ನಾನು ಪಶುವೈದ್ಯ. ಅದನ್ನು ತಿಳಿದು ಕದ್ರಿಯ ಅರ್ಚಕರ ಮನೆಯ ವಾರಿಜಮ್ಮ ಫೋನ್ ಮಾಡಿದರು. ತೀರಿಕೊಂಡ ಅವರ ಗಂಡ ಹಿಂದೊಮ್ಮೆ ಘಾಟಿಯಲ್ಲಿ ಗಾಯಗೊಂಡಿದ್ದ ಕಾಡಾಮೆಯೊಂದನ್ನು ಎತ್ತಿ ತಂದಿದ್ದರಂತೆ. ಸಾಕುವುದು ಅಪರಾಧ ಎಂದು ಗೊತ್ತಿರಲಿಲ್ಲವಂತೆ.

ನಾನು ಹೋದಾಗ ಆಮೆಗೆ ಸ್ನಾನ ಮಾಡಿಸಿ ಬುಟ್ಟಿಯಲ್ಲಿ ಕೂರಿಸಿದ್ದರು. "ಇವತ್ತೇ ಕಾಡಿಗೆ ಬಿಡ್ತೀರಲ್ಲ ಡಾಕ್ಟ್ರೇ? ಇಲ್ಲಿ ಅದಕ್ಕೆ ತನ್ನವರು ಅಂತ ಯಾರುಂಟು?"

ಆಮೆಯ ಮೂಗಿನಲ್ಲಿ ನೊರೆ ಕಂಡಿತು. "ಇವತ್ತು ಬಿಡ್ಲಿಕ್ಕಾಗುವುದಿಲ್ಲ. ಇದರ ರೋಗ ಅಲ್ಲಿ ಉಳಿದಿರುವ ಕೆಲವೇ ಆಮೆಗಳಿಗೆ ಅಂಟಿದರೆ ಎಲ್ಲವೂ ಸತ್ತಾವು. ತಿಂಗಳುಗಟ್ಟಲೆ ಒಂಟಿಯಾಗಿಟ್ಟು ಪರೀಕ್ಷೆ ಮಾಡ್ಬೇಕು. ಸೋಂಕು ಇದ್ದರೆ ಎಂದೂ ಬಿಡುವುದಿಲ್ಲ."

"ಎಂತ ಮಾರಾಯ್ರೆ, ಹುಡುಗಿ ನೋಡ್ಲಿಕ್ಕೆ ಬಂದವರ ಹಾಗೆ ಕುಂದು ಹುಡುಕ್ತೀರಲ್ಲ!"

ನಾನು ನಗಲಿಲ್ಲ. ಕೊನೆಗೊಮ್ಮೆ ಸವರಲು ಅವರು ಕೈ ಚಾಚಿದಾಗಲೂ ತಡೆದು, ಕೈಗವಸು ಕೊಟ್ಟೆ.

ಅವರು ಅದನ್ನು ತೊಡಲಿಲ್ಲ, ಕೈ ಹಿಂದೆ ತೆಗೆದುಕೊಂಡರು. "ನಾನು ಮಡಿಯಲ್ಲಿದ್ದಾಗ ಇದು ಹತ್ತಿರ ಬಂದರೆ ಗದರಿಸುತ್ತಿದ್ದೆ. ಪಾಪ, ದೂರ ಕೂತು ಕಾಯ್ತಿತ್ತು. ಈಗ ಅದು ಮಡಿಯಲ್ಲುಂಟು, ನಾನು ಕಾಯ್ತೇನೆ."

ಆಮೆ ಈಗ ನಮ್ಮ ಶೆಡ್ಡಿನಲ್ಲಿ ಒಂಟಿಯಾಗಿದೆ; ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ಮೂಗು ಒಣಗಿತಾ ಎಂದು ವಾರಿಜಮ್ಮ ಆಗಾಗ ಫೋನ್ ಮಾಡುತ್ತಾರೆ. ನಾನೂ ತಪ್ಪದೆ ಉತ್ತರಿಸುತ್ತೇನೆ.

ಶೆಡ್ಡಿನ ಬಾಗಿಲಲ್ಲಿ ಒಳಗೆ ಬರಬೇಡಿ ಎಂದು ನಾನು ಹಾಕಿಸಿದ್ದ ಇಂಗ್ಲಿಷ್ ಬೋರ್ಡಿಗೆ ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಈಗ 'ಆಮೆ ಮಡಿಯಲ್ಲಿದೆ' ಎಂದು ಬರೆಸಿದ್ದೇನೆ. ನಮ್ಮ ಸಾಹೇಬರೂ ಚಪ್ಪಲಿ ಕಳಚಿ ಹೊರಗೇ ನಿಲ್ಲುತ್ತಾರೆ.