ಒರೆಸಿದ ಕಲೆ

ಟಚಪ್ ಅಣ್ಣನ ಸ್ಟುಡಿಯೋದ ಫೋಟೋದಲ್ಲಿ ಚೆನ್ನಾಗಿ ಕಾಣದವರು ಒಬ್ಬರೂ ಇಲ್ಲ. ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು, ಯಾವುದಿದ್ದರೂ ಹೇಳಿಸಿಕೊಳ್ಳದೆ ಒರೆಸಿಬಿಡುವ ಕೈ ಅವನದು. ತನ್ನ ತಮ್ಮನ ಎಡಗೆನ್ನೆಯ ಸುಟ್ಟ ಕಲೆಯನ್ನಂತೂ ಒಂದು ಫೋಟೋದಲ್ಲೂ ಉಳಿಸಿರಲಿಲ್ಲ. ಉಳಿಸುವುದಾದರೂ ಹೇಗೆ? ಎಳೆಯ ಮಗುವಾಗಿದ್ದ ತಮ್ಮನ ಮುಖದ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಬೀಳಿಸಿದವನು ಇವನೇ.

ಆ ತಮ್ಮ ಪೈಪು ಜೋಡಿಸುವ ಕೆಲಸಕ್ಕೆಂದು ಹೊರದೇಶಕ್ಕೆ ಹೋದವನು ಒಂದೇ ತಿಂಗಳಲ್ಲಿ ಜೈಲು ಸೇರಿದ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಕೊಲೆ ಮಾಡಿ ತಲೆತಪ್ಪಿಸಿಕೊಂಡವನ ಹೆಸರೂ ಹುಟ್ಟಿದ ದಿನವೂ ಇವನದೇ ಆಗಿತ್ತಂತೆ. ಆಗ ನಾನು ನನ್ನೂರಲ್ಲೇ ಇದ್ದೆ ಎಂದು ಬಡಕೊಂಡರೆ ಕೇಳುವವರು ಯಾರು?

ಸರ್ಕಾರ ಕೈಕಟ್ಟಿ ಕೂರಲಿಲ್ಲ, ಸುಳ್ಳು ಹೇಳಬಾರದು. ವಿದೇಶಾಂಗ ಕಚೇರಿಯ ಮೇಡಂ ಒಬ್ಬರು ಮೂರು ವರ್ಷ ಪತ್ರದ ಮೇಲೆ ಪತ್ರ ಬರೆದು, ಅಲ್ಲೊಬ್ಬ ವಕೀಲನನ್ನು ಹಿಡಿದು, ಮಂತ್ರಿಯಿಂದಲೂ ಮಾತಾಡಿಸಿ, ಕೊನೆಗೊಂದು ದಾರಿ ಮಾಡಿದರು.

"ಕೊಲೆ ಮಾಡಿದೋನ ಕೆನ್ನೇಲಿ ಕಲೆ ಇಲ್ಲ. ನಿಮ್ಮ ತಮ್ಮ ಗುರುತು ಮರೆಸೋಕೆ ಆಮೇಲೆ ಸುಟ್ಕೊಂಡಿದಾನೆ ಅಂತಾರೆ ಅವರು. ಆ ಕೊಲೆಗಿಂತ ಮುಂಚಿಂದು, ಕಲೆ ಕಾಣೋ ಫೋಟೋ ಒಂದೇ ಒಂದು ಕೊಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಅದಕ್ಕೇನು ಮೇಡಂ, ನಮ್ಮದೇ ಸ್ಟುಡಿಯೋ," ಎಂದು ಹೇಳಿ ಬಂದ ಟಚಪ್ ಅಣ್ಣ.

ಮನೆಯಲ್ಲಿ ಆಲ್ಬಮ್ಮುಗಳನ್ನೆಲ್ಲ ನೆಲಕ್ಕೆ ಸುರಿದರು. ಶಾಲೆಯದು, ಮದುವೆಯದು, ಪಾಸ್‌ಪೋರ್ಟಿನದು, ಎಲ್ಲದರಲ್ಲೂ ಹೊಳೆಯುವ ಕೆನ್ನೆ. ನೆಗೆಟಿವ್‌ಗಳನ್ನೂ ಪೆನ್ಸಿಲ್ಲಿನಿಂದ ತಿದ್ದಿಟ್ಟಿದ್ದ ಪುಣ್ಯಾತ್ಮ.

ತಮ್ಮನ ಹೆಂಡತಿ ಕೊನೆಯ ಆಲ್ಬಮ್ಮು ಮುಚ್ಚಿದಳು. "ಇಷ್ಟೊಂದು ಫೋಟೋ ಇದೆ ಭಾವ. ಒಂದ್ರಲ್ಲೂ ನಮ್ಮೋರ ಮುಖ ಇಲ್ವಲ್ಲ."

ನಡೆದದ್ದನ್ನು ನಡೆದ ಹಾಗೆ ಮೇಡಂ ಮುಂದೆ ಹೇಳಬಹುದಿತ್ತು. ಇಸ್ತ್ರಿಪೆಟ್ಟಿಗೆಯ ಸುದ್ದಿ ಬಾಯಿಬಿಡಲು ಇವನಿಗೆ ನಾಚಿಕೆ. ಶಾಲೆಯ ಫೋಟೋ ಎತ್ತಿಕೊಂಡು ಒಳಕೋಣೆಗೆ ಹೋದ. ಸಣ್ಣ ಕುಂಚದಿಂದ, ಉಸಿರು ಹಿಡಿದು, ಎರಡು ದಿನ ಕೂತು ತಮ್ಮನ ಕೆನ್ನೆಯ ಮೇಲೆ ಕಲೆ ಬರೆದ. ಅಷ್ಟು ಶ್ರದ್ಧೆಯ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಮೇಡಂ ಕಳಿಸಿದ ಆ ಫೋಟೋವನ್ನು ಅಲ್ಲಿಯ ಕೋರ್ಟಿನವರು ಯಂತ್ರದಡಿ ಇಟ್ಟರು. ಬಣ್ಣ ಹೊಸದೆಂದು ಗೊತ್ತಾಯಿತು. ಸುಳ್ಳು ಸಾಕ್ಷಿ ತರಿಸಿದ್ದಕ್ಕೆ ಕೈದಿಗೆ ಇನ್ನೂ ಏಳು ವರ್ಷ ಬಿತ್ತು.

"ಒರೆಸಿದ್ದು ನಾನೇ ಅಂತ ನೀವು ಒಂದು ಮಾತು ಹೇಳಿದ್ದಿದ್ರೆ ಅದನ್ನೇ ಹೇಳಿಕೆ ಮಾಡಿ ಕಳಿಸ್ತಿದ್ನಲ್ರೀ," ಎಂದರು ಮೇಡಂ. "ಇನ್ನು ನಾನು ಬರೆದಿದ್ದನ್ನ ಅವರು ಓದೋದೂ ಇಲ್ಲ." ಫೈಲಿನ ದಾರ ಬಿಗಿದು ಕಟ್ಟಿದರು.

ಎರಡು ತಿಂಗಳ ಮೇಲೆ ತಮ್ಮನ ಕಾಗದ ಬಂತು. ಸ್ಟುಡಿಯೋದಲ್ಲಿ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅಲ್ಲೇ ನಿಂತು ಓದಿದ.

"ಅಣ್ಣಾ, ಕೋರ್ಟಲ್ಲಿ ನನ್ನ ಶಾಲೆ ಫೋಟೋ ತೋರಿಸಿದ್ರು. ನೀನು ಒಂದು ಫೋಟೋನಾದ್ರೂ ಒರೆಸ್ದೆ ಬಿಟ್ಟಿದೀಯ ಅಂತ ಕುಣಿದಾಡೋ ಹಾಗಾಯ್ತು. ಆಮೇಲೆ ಅವರು ಹೇಳಿದ್ರು, ಅದು ಹೊಸ ಬಣ್ಣ ಅಂತ."