ಬೆಟ್ಟದ ಮೇಲಿನ ಮೀನುಗಾರರು

ಅರಕಲಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಹದಿನೇಳು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಹುಟ್ಟಿದ್ದು ಹೊಳೆನರಸೀಪುರದಲ್ಲಿ, ಮೇಷ್ಟರ ಮಗಳಾಗಿ. ಒಂದು ಒತ್ತಕ್ಷರ ತಪ್ಪಿದರೂ ಆ ಪದವನ್ನು ಸ್ಲೇಟಿನ ತುಂಬ ಬರೆಸಿದ ಮೇಲೆಯೇ ಅಪ್ಪ ನನ್ನನ್ನು ಊಟಕ್ಕೆ ಏಳಿಸುತ್ತಿದ್ದುದು. ತೊಂಬತ್ತರ ದಶಕದಲ್ಲಿ ಹಾಸನದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸು ಮಾಡಿಕೊಂಡೆ. ಮದುವೆಯಾಗಿ ಅರಕಲಗೂಡಿಗೆ ಬಂದ ಮೇಲೆ ಎರಡು ಹಳೇ ಮೆಷಿನ್ನು ಇಟ್ಟುಕೊಂಡು ಬೋರ್ಡು ತಗುಲಿಹಾಕಿದೆ. ಎರಡು ಸಾವಿರದ ಈಚೆಗೆ ಕಂಪ್ಯೂಟರ್ ಬಂತು. ಕಲಿಯುವವರು ಕಮ್ಮಿಯಾದರು, ಅರ್ಜಿ, ತಕರಾರು, ಇಂಗ್ಲಿಷಿನಿಂದ ಕನ್ನಡಕ್ಕೆ ತರ್ಜುಮೆ, ಇಂಥ ಕೆಲಸ ಹೆಚ್ಚಾಯಿತು.

ಹಾಗೆ ಬಂದ ಕೆಲಸಗಳಲ್ಲಿ ಒಂದು, ಕೊಣನೂರಿನ ಕಡೆಯ ಒಂದು ಬೆಟ್ಟದ ಮೇಲೆ ಗಾಳಿಯಂತ್ರ ಹಾಕುವ ಕಂಪನಿಯದು. ಅದನ್ನು ತಂದವರು ಹಾಸನದ ಒಬ್ಬ ಏಜೆಂಟರು. ಸರ್ವೆ ಇಲಾಖೆಯಲ್ಲಿದ್ದು ರಿಟೈರ್ ಆದವರು, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೆಟ್ಟ ಗೋಮಾಳಕ್ಕೆ ಸೇರಿದ್ದರಿಂದ ಪಂಚಾಯಿತಿಯ ಒಪ್ಪಿಗೆ ಬೇಕಿತ್ತು. ಗಾಳಿಯಂತ್ರದಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ವರದಿ ತಯಾರಾಗಿತ್ತು, ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ಮಾಡಿ ಊರಿನವರಿಗೆ ಹಂಚಬೇಕಿತ್ತು.

ನನಗೆ ಖುಷಿಯೇ ಆಯಿತು. ಆಗ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಅರ್ಧ ಪುಟ ಹೊಡೆಯುವಷ್ಟರಲ್ಲಿ ಕಂಪ್ಯೂಟರ್ ಕಪ್ಪಾಗಿ, ಮೊದಲಿನಿಂದ ಶುರು ಮಾಡುವುದು ನಿತ್ಯದ ಪಾಡು. ಗಾಳಿಯಿಂದ ಕರೆಂಟು ಬರುವುದಾದರೆ ಯಾರು ಬೇಡ ಅಂದಾರು ಎಂದುಕೊಂಡೇ ಮೊದಲ ಪುಟ ತಿರುಗಿಸಿದೆ.

ಐದನೆಯ ಪುಟದಲ್ಲಿ ಆಮೆ ಬಂತು. ಸಮುದ್ರದ ಆಮೆ, ದಡದ ಮರಳಿನಲ್ಲಿ ಮೊಟ್ಟೆಯಿಡುವುದು. ನಾನು ಓದಿದ್ದು ತಪ್ಪಿರಬೇಕೆಂದು ನಿಘಂಟು ತೆಗೆದೆ. ತಪ್ಪಿರಲಿಲ್ಲ. ಆಮೇಲೆ ಮೀನುಗಾರರ ಬಲೆ, ದೋಣಿ ಹೋಗುವ ದಾರಿ, ಹಡಗಿನ ದಾರಿ, ಗಾಳಿಯಂತ್ರಕ್ಕೆಂದು ಕಡಲ ತಳಕ್ಕೆ ಕಂಬ ಬಡಿಯುವಾಗಿನ ಸದ್ದಿಗೆ ಮೀನುಗಳು ದಿಕ್ಕು ತಪ್ಪುವುದು, ಎಲ್ಲ ಸಾಲಾಗಿ ಬಂದವು. ಅರಕಲಗೂಡು ಎಲ್ಲಿ, ಸಮುದ್ರ ಎಲ್ಲಿ? ನಡುವೆ ಇಡೀ ಘಟ್ಟವೇ ಇದೆ.

ಇನ್ನೂ ಓದಿದಂತೆ ಸಿಟ್ಟು ಬೇರೊಂದು ಕಾರಣಕ್ಕೆ ಏರಿತು. ಸಮುದ್ರದ ಆ ಪುಟಗಳನ್ನು ಬರೆದವರು ಯಾರೋ ನಿಜವಾಗಿ ದಡದಲ್ಲಿ ನಿಂತು ನೋಡಿದವರು. ಮೀನು ಮೊಟ್ಟೆಯಿಡುವ ತಿಂಗಳಲ್ಲಿ ಕಂಬ ಬಡಿಯಬೇಡಿ, ಜಾಗ ಗೊತ್ತು ಮಾಡುವ ಮುಂಚೆ ಬಲೆ ಹಾಕುವವರನ್ನು ಕೂರಿಸಿಕೊಂಡು ಕೇಳಿ, ಹಕ್ಕಿಗಳು ಹಾದುಹೋಗುವ ದಾರಿಯನ್ನು ಒಂದು ವರ್ಷವಾದರೂ ಗಮನಿಸಿ ಎಂದೆಲ್ಲ ಅಕ್ಕರೆಯಿಂದ ಬರೆದಿದ್ದರು. ಆ ಪುಣ್ಯಾತ್ಮರ ಕೆಲಸವನ್ನು ಕಂಪನಿಯವರು ಎತ್ತಿಕೊಂಡು ಬಂದು ನಮ್ಮ ಬೆಟ್ಟಕ್ಕೆ ಅಂಟಿಸಿದ್ದರು. ನಮ್ಮ ಬೆಟ್ಟದ ಬಗ್ಗೆ ಇದ್ದದ್ದು ಒಂದೇ ಸಾಲು: ಬಂಜರು ಭೂಮಿ, ನೀರಿನ ಮೂಲವಿಲ್ಲ, ಜನಬಳಕೆಯಿಲ್ಲ.

ಏಜೆಂಟರಿಗೆ ಫೋನು ಮಾಡಿದೆ.

“ಸರ್, ಇದು ಸಮುದ್ರದ ವರದಿ. ಬೇರೆ ಯಾವುದೋ ನನಗೆ ಕೊಟ್ಟಿದ್ದೀರ.”

“ಅದೇ ಮೇಡಂ, ಸರಿಯಾಗೇ ಇದೆ. ಸಮುದ್ರ ಅಂತ ಇರೋ ಕಡೆ ಬೆಟ್ಟ ಅಂತ ಹಾಕ್ಬಿಡಿ.”

“ಆಮೆ?”

“ಆಮೆ ತೆಗ್ದುಬಿಡಿ. ಇದನ್ನ ಯಾರು ಓದ್ತಾರೆ ಮೇಡಂ? ಫೈಲಲ್ಲಿ ಇರಬೇಕು ಅಷ್ಟೆ.”

ನಾನು ಓದುತ್ತಿದ್ದೇನಲ್ಲ ಸರ್ ಎಂದೆ. ಅವರು ನಕ್ಕು ಫೋನಿಟ್ಟರು. ಯಾರು ಓದುತ್ತಾರೆ ಎಂಬ ಆ ಮಾತು ಇವತ್ತಿಗೂ ನನ್ನ ಮೈ ಉರಿಸುತ್ತದೆ. ಊರಿಗೆ ಹಂಚಲೆಂದು ಮಾಡಿಸುವ ಕಾಗದ, ಅದನ್ನು ಊರಿನವರು ಓದುವುದಿಲ್ಲವೆಂಬ ನಂಬಿಕೆಯ ಮೇಲೆಯೇ ನಿಂತಿತ್ತು.

ಆ ಬೆಟ್ಟದ ಬುಡದ ಹಳ್ಳಿಯ ಹುಡುಗಿಯೊಬ್ಬಳು ನನ್ನಲ್ಲಿ ಕಂಪ್ಯೂಟರ್ ಕಲಿಯಲು ಬರುತ್ತಿದ್ದಳು. ಅವಳನ್ನು ಕೇಳಿದೆ, ಬೆಟ್ಟದ ಮೇಲೆ ನೀರಿದೆಯೇನಮ್ಮ ಎಂದು. “ದೊಣೆ ಐತಲ್ಲ ಮಿಸ್,” ಎಂದಳು. ಭಾನುವಾರ ಅವಳ ಜೊತೆ ಕೊಣನೂರು ಬಸ್ಸು ಹತ್ತಿದೆ. ಗಂಡ ಗೊಣಗಿದರು: ಟೈಪು ಮಾಡಲು ಬೆಟ್ಟ ಹತ್ತಬೇಕೇ ಎಂದು.

ಹುಡುಗಿಯ ಅಪ್ಪ ಹೊಗೆಸೊಪ್ಪು, ಜೋಳ ಬೆಳೆಯುವ ರೈತ. ಮಾತು ಕಮ್ಮಿ. ವರದಿಯ ಆ ಒಂದು ಸಾಲನ್ನು ಓದಿ ಹೇಳಿದೆ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

“ನೀರಿಲ್ಲ ಅಂತ ಬರ್ದವ್ರಾ? ಬನ್ನಿ ಅಮ್ಮಾ, ತೋರುಸ್ತೀನಿ.”

ಸೀರೆ ಎತ್ತಿ ಕಟ್ಟಿ ಮುಕ್ಕಾಲು ಗಂಟೆ ಹತ್ತಿದೆ. ನೆತ್ತಿಯ ಹತ್ತಿರ ಬಂಡೆಯ ನಡುವೆ ಒಂದು ಮನೆಯ ಅಂಗಳದಷ್ಟು ನೀರು ನಿಂತಿತ್ತು. ಅದೇ ದೊಣೆ. ಅಂಚಿನಲ್ಲಿ ದನದ ಗೊರಸಿನ ಗುರುತು, ನವಿಲಿನ ಹೆಜ್ಜೆ.

“ಬ್ಯಾಸ್ಗೇಲೂ ಬತ್ತಾಕಿಲ್ಲ ಕಣಮ್ಮಾ ಇದು,” ಎಂದರು ಅವರು. “ತುಂಬ್ದಾಗ ಈ ಸಂದಿಯಿಂದ ಅರ್ದು ಓಗಿ ನಮ್ಮ ಕಟ್ಟೆ ಸೇರ್ತದೆ. ಮೂರು ಊರ್ನ ದನ ಕುಡೀತವೆ. ಕಂಪ್ನಿಯವ್ರು ಸುಣ್ಣದ ಗೆರೆ ಎಳ್ದಿರೋದು ನೋಡಿ, ಯಂತ್ರ ಸಾಗ್ಸೋ ರೋಡು ಇದೇ ಸಂದಿ ಮ್ಯಾಗೆ.”

ಬಿಳಿ ಗೆರೆ ನೀರು ಹರಿಯುವ ಜಾಡಿಗೆ ಅಡ್ಡವಾಗಿಯೇ ಇತ್ತು. ಗೆರೆ ಎಳೆದವನಿಗೆ ದೊಣೆ ಕಾಣದೇ ಇರಲು ಸಾಧ್ಯವಿರಲಿಲ್ಲ. ಸುಣ್ಣ ಕಲಸಲು ನೀರು ತೆಗೆದದ್ದೂ ಅಲ್ಲಿಂದಲೇ. ಸುಣ್ಣ ಮೆತ್ತಿದ ಒಂದು ಮುರಿದ ಪ್ಲಾಸ್ಟಿಕ್ ಮಗ್ಗು ಅಂಚಿನಲ್ಲಿ ಬಿದ್ದಿತ್ತು.

ವಾಪಸು ಬಂದು ಇಡೀ ವರದಿಯನ್ನು ಇದ್ದದ್ದು ಇದ್ದ ಹಾಗೆ ಕನ್ನಡಕ್ಕೆ ಮಾಡಿದೆ, ಆಮೆ ಸಮೇತ. ಕೊನೆಗೆ ಬೇರೊಂದು ಹಾಳೆಯಲ್ಲಿ ಬರೆದೆ: ಇದು ಈ ಬೆಟ್ಟದ ವರದಿಯಲ್ಲ, ಬೆಟ್ಟದಲ್ಲಿ ದೊಣೆಯಿದೆ, ದನ ಕುಡಿಯುತ್ತವೆ, ಸ್ಥಳ ನೋಡಿ ಮತ್ತೆ ಬರೆಯಿರಿ. ಏಜೆಂಟರು ಬಂದು ಆ ಹಾಳೆಯನ್ನು ಓದಿದರು. ಮಡಚಿ ಜೇಬಿಗೆ ಹಾಕಿಕೊಂಡು, ಫೈಲೂ ಸಿಡಿಯೂ ತೆಗೆದುಕೊಂಡು ಹೋದರು. ತಿದ್ದುವ ಕೆಲಸವನ್ನು ಹಾಸನದಲ್ಲಿ ಯಾರ ಕೈಲೋ ಮಾಡಿಸಿದರು.

ಒಪ್ಪಿಗೆಗೆಂದು ಪಂಚಾಯಿತಿ ಕರೆದ ಸಭೆ ಆ ಹಳ್ಳಿಯ ಶಾಲೆಯಲ್ಲಿ. ಕರೆಯದಿದ್ದರೂ ಹೋದೆ. ಅಲ್ಲಿ ಹಂಚಿದ್ದ ವರದಿಯ ಒಂದು ಪ್ರತಿಯನ್ನು ಹುಡುಗಿ ತಂದು ಕೊಟ್ಟಳು. ನನ್ನದೇ ತರ್ಜುಮೆ, ನನ್ನದೇ ವಾಕ್ಯಗಳು. ಆದರೆ ಸಮುದ್ರವೆಂಬ ಪದ ಇದ್ದಲ್ಲೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಬೆಟ್ಟ ಅಂತ ಬದಲಾಯಿಸಿದ್ದರು. ಆಮೆ ತೆಗೆಯುವಷ್ಟು ಪುರುಸೊತ್ತೂ ಅವರಿಗೆ ಆಗಿರಲಿಲ್ಲ. ಕಂಪನಿಯ ಎಂಜಿನಿಯರು, ಇನ್ನೂ ಮೂವತ್ತು ದಾಟದವರು, ಗಾಳಿಯ ವೇಗ, ಕರೆಂಟು ಎಂದು ಒಳ್ಳೆಯ ಮಾತಿನಲ್ಲಿ ವಿವರಿಸಿದರು. ಯಾರಿಗಾದರೂ ಪ್ರಶ್ನೆಯಿದೆಯೇ ಎಂದು ಅಧ್ಯಕ್ಷರು ಕೇಳಿದಾಗ ನಾನು ಎದ್ದು ಓದಿದೆ.

“‘ಬೆಟ್ಟದಲ್ಲಿ ಬಲೆ ಹಾಕುವ ಮೀನುಗಾರರ ದೋಣಿಗಳಿಗೆ ಯಾವುದೇ ಅಡಚಣೆಯಾಗುವುದಿಲ್ಲ. ಬೆಟ್ಟದ ಆಮೆಗಳು ಮೊಟ್ಟೆಯಿಡುವ ಮರಳಿನ ಭಾಗವನ್ನು ಹೊರತುಪಡಿಸಲಾಗಿದೆ.’”

ಸಭೆಯಲ್ಲಿ ನಗೆ ಎದ್ದಿತು. ಹಿಂದಿನ ಬೆಂಚಿನವರು ಮೇಜು ಕುಟ್ಟಿ ನಕ್ಕರು. ಏಜೆಂಟರೂ ನಕ್ಕರು. ಆ ನಗುವಿನಲ್ಲಿ ವಿಷಯ ಕರಗಿಹೋಗುವುದು ನನಗೆ ಕಣ್ಣಿಗೆ ಕಾಣುತ್ತಿತ್ತು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ, “ಟೈಪಿಂಗ್ ಮಿಸ್ಟೇಕು ಬುಡಮ್ಮಾ, ತಿದ್ದುಸ್ತಾರೆ,” ಎಂದರು. ಸೆಕ್ರೆಟರಿ ಅದನ್ನೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು: ಬೆರಳಚ್ಚು ದೋಷ.

“ಇದು ಬೆರಳಚ್ಚಿನ ತಪ್ಪಲ್ಲ,” ಎಂದೆ. “ಬೆರಳಚ್ಚು ನನ್ನದು. ನಾನು ತಪ್ಪು ಮಾಡಿಲ್ಲ. ಬೆಟ್ಟವನ್ನು ನೋಡದೆ ಬೆಟ್ಟದ ವರದಿ ಬರೆದಿದ್ದಾರೆ. ಅದನ್ನು ಬರೆದುಕೊಳ್ಳಿ.”

ಸೆಕ್ರೆಟರಿ ಪೆನ್ನು ಎತ್ತಲಿಲ್ಲ. ಆಗ ಹುಡುಗಿಯ ಅಪ್ಪ ಎದ್ದು ನಿಂತರು. ಅವರು ನಕ್ಕಿರಲಿಲ್ಲ.

“ಸಾ,” ಎಂದರು ಎಂಜಿನಿಯರಿಗೆ. “ಗಾಳಿ ಯಂತ್ರ ಆಕಿ, ಬ್ಯಾಡ ಅನ್ನಾಕಿಲ್ಲ. ನೀವು ಬೆಟ್ಟ ಅತ್ತಿದ್ದೀರಾ?”

ಎಂಜಿನಿಯರು ಏಜೆಂಟರ ಮುಖ ನೋಡಿದರು. ಬಳಿಕ, “ಇಲ್ಲ,” ಎಂದರು. “ಫೋಟೊ ನೋಡಿದ್ದೀನಿ.”

“ಅಂಗಾರೆ ನಾಳೆ ಬನ್ನಿ. ನಾನು ಕರ್ಕೊಂಡು ಓಗ್ತೀನಿ.”

ಮಾರನೆಯ ದಿನ ಎಂಜಿನಿಯರು ನಿಜವಾಗಿಯೂ ಬಂದರು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ದೊಣೆ ನೋಡಿ, ಸುಣ್ಣದ ಗೆರೆ ಅಳಿಸಿ, ರಸ್ತೆಯನ್ನು ಮೇಲಿನ ಬಂಡೆಯ ಬದಿಗೆ ಸರಿಸುವುದಾಗಿ ಹೇಳಿದರಂತೆ. ಸರಿಸಿದರು ಕೂಡ. ಆದರೆ ಕೆಲಸ ಶುರುವಾಗುವ ಹೊತ್ತಿಗೆ ಅವರಿಗೆ ಬೇರೆ ಕಡೆ ವರ್ಗವಾಗಿತ್ತು. ಹೊಸದಾಗಿ ಬಂದವರು ಬಂಡೆ ಸಿಡಿಸಿದ ಕಲ್ಲುಮಣ್ಣನ್ನೆಲ್ಲ ಕೆಳಗಿನ ತಿರುವಿನಲ್ಲಿ ಅದೇ ಸಂದಿಗೆ ಸುರಿಸಿದರು. ದೊಣೆ ಉಳಿಯಿತು. ಅದರಿಂದ ಕಟ್ಟೆಗೆ ಬರುವ ನೀರು ಅರ್ಧ ದಾರಿಯಲ್ಲೇ ನಿಂತಿತು. ಊರಿನವರು ಎರಡು ದಿನ ಗುದ್ದಲಿ ಹಿಡಿದು ಜಾಡು ಬಿಡಿಸಿಕೊಂಡರು. ಮಳೆ ಬಂದಾಗಲೆಲ್ಲ ಮತ್ತೆ ಮುಚ್ಚುತ್ತಿತ್ತು, ಮತ್ತೆ ಬಿಡಿಸುತ್ತಿದ್ದರು. ಕಂಪನಿಗೆ ಮೂರು ಪತ್ರ ಬರೆದುಕೊಟ್ಟೆ. ಒಂದಕ್ಕೂ ಉತ್ತರವಿಲ್ಲ.

ಮಾಹಿತಿ ಹಕ್ಕು ಬಂದ ಮೇಲೆ ಅರ್ಜಿ ಹಾಕಿ ಆ ಸಭೆಯ ನಡಾವಳಿಯ ನಕಲು ತೆಗೆಸಿದೆ. ‘ವರದಿಯಲ್ಲಿನ ಬೆರಳಚ್ಚು ದೋಷಗಳನ್ನು ಸರಿಪಡಿಸುವ ಷರತ್ತಿನೊಂದಿಗೆ ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿತ್ತು. ಎದ್ದು ನಿಂತ ರೈತರ ಮಾತಿಲ್ಲ, ದೊಣೆಯಿಲ್ಲ, ನಾನಿಲ್ಲ. ತಿದ್ದಿ ಎಂದು ಪಂಚಾಯಿತಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಸೆಕ್ರೆಟರಿ ತಾಳ್ಮೆಯಿಂದಲೇ ಹೇಳಿದರು: “ಸಹಿ ಆಗೋದ್ಮೇಲೆ ನಡಾವಳಿ ತಿದ್ದಾಕೆ ಬರಾಕಿಲ್ಲ ಅಮ್ಮಾ.”

ಬೆಟ್ಟವನ್ನು ಬೇಕಾದಂತೆ ತಿದ್ದಬಹುದು, ಸಮುದ್ರವನ್ನು ಬೆಟ್ಟ ಮಾಡಬಹುದು, ಪುಸ್ತಕದ ಒಂದು ಸಾಲನ್ನು ಮಾತ್ರ ಮುಟ್ಟಬಾರದು. ಇದನ್ನು ಅವರಿಗೆ ಹೇಳಿದೆ. ಅವರು ತಲೆ ತಗ್ಗಿಸಿ ಬೇರೆ ಫೈಲು ನೋಡತೊಡಗಿದರು. ನನ್ನ ಅರ್ಜಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವ ತನಕ ನಾನು ಅಲ್ಲಿಂದ ಏಳಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು, ಆದರೂ ಹಾಕಿಸಿಕೊಂಡೇ ಬಸ್ಸು ಹತ್ತಿದೆ.